ಕೌದಿ ಗೋಡೆಯ ಸ್ಟುಡಿಯೋ, ಶ್ರುತಿ ಇಳಿಸುವ ಬಟನ್

ಮೊನ್ನೆ ಹರಪನಹಳ್ಳಿಯಿಂದ ಇಬ್ಬರು ಹುಡುಗರು ಕೊಟ್ಟೂರಿನ ನಮ್ಮ ಮನೆಗೆ ಬಂದಿದ್ದರು. ಲ್ಯಾಪ್‌ಟಾಪಿನಲ್ಲಿ ಸಂಗೀತ ಮಾಡುತ್ತಾರಂತೆ. ಇಬ್ಬರ ಕೊರಳಲ್ಲೂ ದೊಡ್ಡ ದೊಡ್ಡ ಹೆಡ್‌ಫೋನು ನೇತಾಡುತ್ತಿತ್ತು. ಮನೆಯೊಳಗೆ ಕೇಳುವಂಥದ್ದೇನೂ ಇರಲಿಲ್ಲ, ಆದರೂ ತೆಗೆಯಲಿಲ್ಲ. ಮೊಬೈಲನ್ನು ಒಂದು ಸ್ಟ್ಯಾಂಡಿಗೆ ಸಿಕ್ಕಿಸಿ, ನನ್ನ ಮುಖದ ಮೇಲೆ ಲೈಟು ಬಿಟ್ಟು ಕೇಳಿದರು: “ಸರ್, ನಿಮ್ಮ ಸ್ಟುಡಿಯೋದಾಗ ನಿಮಗ ಭಾಳ ಇಷ್ಟದ ಗೇರ್ ಯಾವ್ದ್ರಿ? ನಿಮ್ಮ ಕ್ರಿಯೇಟಿವ್ ಹ್ಯಾಬಿಟ್ಸ್ ಏನೇನು ಇದ್ದುವು?”

ಇಷ್ಟದ ಉಪಕರಣ ಸ್ಟೆಬಿಲೈಜರು ಎಂದೆ. ಅಭ್ಯಾಸ ಎಂದರೆ ಕರೆಂಟು ಹೋದಾಗ ಬೈಯುವುದು, ಬಂದಾಗ ಹೊರಗೆ ಬೀಡಿ ಸೇದುತ್ತ ಕೂತ ಹಾಡುಗಾರರನ್ನು ಒಳಗೆ ಕರೆಯುವುದು ಎಂದೆ. ಮುದುಕ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಹುಡುಗರು ನಕ್ಕರು. ನಾನು ಹೇಳಿದ್ದು ಅಕ್ಷರಶಃ ನಿಜ. ಆಮೇಲೆ ತಮ್ಮದೊಂದು ಹಾಡನ್ನು ನನಗೆ ಕೇಳಿಸಿದರು. ಆ ಹಾಡಿನ ವಿಷಯಕ್ಕೆ ಕೊನೆಗೆ ಬರುತ್ತೇನೆ. ಮೊಬೈಲಿನ ಮುಂದೆ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಇಳಿಯುವವರು ಓದಿದರೆ ಓದಲಿ.

ನನ್ನ ಹೆಸರು ಕೊಟ್ರೇಶಪ್ಪ. ಕಸುಬು ಕೀಬೋರ್ಡು ನುಡಿಸುವುದು. ತೊಂಬತ್ತರ ದಶಕದಲ್ಲಿ ನಮ್ಮ ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆ ನಾಟಕ ಆಡದ ಊರೇ ಇರಲಿಲ್ಲ. ವ್ಯವಸ್ಥೆ ಎಲ್ಲ ಕಡೆ ಒಂದೇ. ಹೀರೋ ಊರಿನವನು, ಹೀರೋಯಿನ್ ಹೊರಗಿನಿಂದ ಬಂದವಳು, ಕಥೆ ಪುಸ್ತಕದ್ದು, ಕೀಬೋರ್ಡು ನನ್ನದು. ಹೀರೋ ಆಗಲು ಮುಖ, ಮಾತು, ದನಿ ಯಾವುದೂ ಬೇಕಿರಲಿಲ್ಲ. ಸ್ಟೇಜು, ಮೈಕು, ಶಾಮಿಯಾನದ ಖರ್ಚು ತಾನು ನೋಡಿಕೊಳ್ಳುತ್ತೇನೆ ಎಂದವನೇ ಹೀರೋ.

ಅದಕ್ಕೂ ಮೊದಲು ನಾಟಕಕ್ಕೆ ಹಾರ್ಮೋನಿಯಂ ಇತ್ತು. ಕೀಬೋರ್ಡು ಬಂದಾಗ ಊರಿನ ಹಿರಿಯರು ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸುವಂತೆ ನನ್ನ ಕೀಬೋರ್ಡಿನ ಬಟನ್ ಎಣಿಸುತ್ತಿದ್ದರು. “ಹೋದ ವರ್ಷ ಬಂದಾವನ ಮಷಿನ್ನಾಗ ಇದಕ್ಕಿಂತ ಜಾಸ್ತಿ ಇದ್ದುವಲ್ಲಪ್ಪ” ಎಂದು ಒಬ್ಬರು ಅನುಮಾನ ಪಟ್ಟರು. ನಾನು ಒಂದು ಬಟನ್ ಒತ್ತಿ ನಾಯಿ ಬೊಗಳಿಸಿದೆ. ಇನ್ನೊಂದು ಒತ್ತಿ ರೈಲು ಬಿಟ್ಟೆ. ಕೆಲಸ ಸಿಕ್ಕಿತು. ಆ ಊರಿನ ನಾಟಕದಲ್ಲಿ ರೈಲೂ ಇರಲಿಲ್ಲ, ನಾಯಿಯೂ ಇರಲಿಲ್ಲ. ಆದರೂ ಹಿರಿಯರ ಒತ್ತಾಯಕ್ಕೆ ಎರಡನೇ ಅಂಕದಲ್ಲಿ ಒಂದು ರೈಲು ಬಿಡಬೇಕಾಯಿತು.

ನನ್ನ ಮೇಲಿನವರು ಚಿಗಟೇರಿಯ ಬಸಣ್ಣ ಮಾಸ್ತರು. ನಾಟಕ ಕಲಿಸುವವರು ಅವರು, ಪಾತ್ರ ಹಂಚುವವರು ಅವರು, ಹಾಡಿನ ಶ್ರುತಿ ಹೇಳುವವರೂ ಅವರೇ. ಕೈಯಲ್ಲಿ ಸದಾ ಒಂದು ಬೆತ್ತ. ಮಾಸ್ತರಿಗೆ ಸಂಗೀತ ಬರುತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಅವರು ಕಲಿತಿದ್ದ ಕಾಲಕ್ಕೆ ಮೈಕು ಇರಲಿಲ್ಲ, ಆದ್ದರಿಂದ ಕೂಗುವುದೇ ಸಂಗೀತವಾಗಿತ್ತು. ಮೈಕು ಬಂದ ಮೇಲೂ ಅವರು ಕೂಗುವುದನ್ನು ಬಿಡಲಿಲ್ಲ, ಬಿಡಿಸಲೂ ಇಲ್ಲ.

ನನ್ನ ವೃತ್ತಿಜೀವನದ ಮೊದಲ ದೊಡ್ಡ ಅಪಚಾರ ನಡೆದದ್ದು ಕೂಡ್ಲಿಗಿ ಹತ್ತಿರದ ಒಂದು ಹಳ್ಳಿಯಲ್ಲಿ. ತಾಯಿ ಸಾಯುವ ದೃಶ್ಯ. ತಾಯಿಯ ತಲೆ ಮಗಳ ತೊಡೆಯ ಮೇಲಿದೆ. ನಾನು ಪಿಟೀಲಿನ ದನಿ ಹಚ್ಚಬೇಕು. ಕತ್ತಲಲ್ಲಿ ಬೆರಳು ಪಕ್ಕದ ಡೆಮೊ ಬಟನ್ನಿನ ಮೇಲೆ ಬಿತ್ತು. ಕೀಬೋರ್ಡು ಮಾರುವ ಅಂಗಡಿಯಲ್ಲಿ ಗಿರಾಕಿಯನ್ನು ಮರುಳು ಮಾಡಲು ಒಂದು ಕುಣಿತದ ಸಂಗೀತ ತುಂಬಿಟ್ಟಿರುತ್ತಾರಲ್ಲ, ಅದು ಡೋಲು, ತುತ್ತೂರಿ ಸಮೇತ ಸ್ಪೀಕರಿನಲ್ಲಿ ಹೊರಬಿತ್ತು. ನಿಲ್ಲಿಸಲು ಗಾಬರಿಯಲ್ಲಿ ನಾನು ಒತ್ತಿದ್ದು ದನಿ ಏರಿಸುವ ಬಟನ್ನು. ಸಾಯುತ್ತಿದ್ದ ತಾಯಿಯ ಹೊಟ್ಟೆ ನಗು ತಡೆಯಲಾರದೆ ಕುಲುಕಾಡತೊಡಗಿತು. ಮಾಸ್ತರು ಪರದೆಯ ಸಂದಿಯಿಂದ ನನ್ನ ಕಡೆ ಬೆತ್ತ ತೋರಿಸಿದರು.

ಮಗಳ ಪಾತ್ರ ಮಾಡುತ್ತಿದ್ದವಳು ಹಡಗಲಿಯ ರೇಣುಕಮ್ಮ. ಆಕೆ ಅಳುತ್ತಲೇ ತಲೆಯೆತ್ತಿ ಬೀದಿಯ ಕಡೆ ಕೈ ಮಾಡಿ, “ನನ್ನವ್ವನ ಪ್ರಾಣ ಹೋಗೋ ಹೊತ್ತಿಗೆ ಓಣ್ಯಾಗ ಮದುವಿ ಬ್ಯಾಂಡು ಹಚ್ಯಾರಲ್ಲಪ್ಪೋ! ಈ ಊರಾಗ ಕಳ್ಳು ಕರುಳು ಇರೋರು ಯಾರೂ ಇಲ್ಲೇನು?” ಎಂದು ಎದೆ ಬಡಿದುಕೊಂಡಳು. ಪುಸ್ತಕದಲ್ಲಿ ಇಲ್ಲದ ಮಾತು. ಮುಂದಿನ ಸಾಲಿನ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಅಷ್ಟರಲ್ಲಿ ನನಗೆ ಡೆಮೊ ಬಟನ್ ಸಿಕ್ಕಿತು. ಮುಗಿದ ಮೇಲೆ ಊರಿನ ಹಿರಿಯರು ಬಂದು, ಮದುವೆ ಬ್ಯಾಂಡಿನ ಐಡಿಯಾ ಬಹಳ ಚೆನ್ನಾಗಿತ್ತು ಎಂದು ಮಾಸ್ತರಿಗೆ ಹಾರ ಹಾಕಿದರು. ಮಾಸ್ತರು ಹಾರ ಹಾಕಿಸಿಕೊಂಡರು. ರೇಣುಕಮ್ಮ ನನ್ನನ್ನು ನೋಡಿ ಹುಬ್ಬು ಹಾರಿಸಿದಳು, ಅಷ್ಟೆ. ಆ ದಿನದಿಂದ ಡೆಮೊ ಬಟನ್ನಿನ ಮೇಲೆ ಕಡ್ಡಿಪೆಟ್ಟಿಗೆಯ ತುಂಡಿಟ್ಟು ವೈರಿಗೆ ಸುತ್ತುವ ಟೇಪು ಅಂಟಿಸಿದೆ. ಆ ಕೀಬೋರ್ಡು ಈಗಲೂ ಮನೆಯಲ್ಲಿದೆ, ಟೇಪೂ ಇದೆ. ಆಕೆಯ ಉಪಕಾರವೂ ಮರೆತಿಲ್ಲ.

ನಾಟಕ ಇಲ್ಲದ ತಿಂಗಳುಗಳಲ್ಲಿ ಹೊಟ್ಟೆಗೆ ಬೇಕಲ್ಲ, ಅದಕ್ಕೆ ಕೊಟ್ಟೂರಿನಲ್ಲಿ ಸ್ಟುಡಿಯೋ ಮಾಡಿದೆ. ಶೇಂಗಾ ಗೋದಾಮಿನ ಹಿಂದಿನ ಕೋಣೆ. ಪೇಟೆಯ ಸ್ಟುಡಿಯೋಗಳಲ್ಲಿ ಗೋಡೆಗೆ ಏನೋ ಮೆತ್ತನೆಯ ಹಲಗೆ ಹೊಡೆದಿರುತ್ತಾರೆಂದು ಕೇಳಿದ್ದೆ. ನಾನು ಅವ್ವ ಹೊಲಿದಿಟ್ಟಿದ್ದ ಕೌದಿಗಳನ್ನು ನಾಲ್ಕೂ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ, ಒಂದನ್ನು ನೆಲಕ್ಕೆ ಹಾಸಿದೆ. ಹಳೇ ಸೀರೆ, ಧೋತರದ ತುಂಡುಗಳ ಆ ಕೌದಿಗಳಷ್ಟು ಚೆನ್ನಾಗಿ ಸದ್ದು ನುಂಗುವ ವಸ್ತು ಇನ್ನೊಂದಿಲ್ಲ. ಚಳಿಗಾಲದಲ್ಲಿ ಮಾತ್ರ ಅವ್ವ ಬಂದು ಎರಡು ಗೋಡೆ ಬಿಚ್ಚಿಕೊಂಡು ಹೋಗುತ್ತಿದ್ದಳು. ಆ ತಿಂಗಳುಗಳಲ್ಲಿ ಮಾಡಿದ ಕ್ಯಾಸೆಟ್ಟುಗಳನ್ನು ಈಗ ಹಾಕಿದರೆ ಹಿಂದೆ ಕುರಿ ಕೂಗುವುದು ಕೇಳುತ್ತದೆ.

ಉಳಿದ ಸಾಮಾನು: ರೇಡಿಯೋ ರಿಪೇರಿಯವನು ಜೋಡಿಸಿಕೊಟ್ಟ ಮಿಕ್ಸರು, ಎರಡು ಬಾಗಿಲಿನ ಟೇಪ್‌ರೆಕಾರ್ಡರು, ಎರಡು ಮೈಕು ಮತ್ತು ಒಂದು ಎಕೋ ಮಷಿನ್ನು. ಈ ಎಕೋ ಮಷಿನ್ನಿನ ಬಗ್ಗೆ ಹೊಸಬರಿಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ಭಕ್ತಿಗೀತೆ ಹಾಡಲು ಬರುತ್ತಿದ್ದವರು ಯಾರೂ ರಾಗ ಸರಿಯಾಯಿತೇ, ತಾಳ ಸರಿಯಾಯಿತೇ ಎಂದು ಕೇಳಿದವರಲ್ಲ. “ಎಕೋ ಇನ್ನಾ ಸ್ವಲ್ಪ ಬಿಡ್ರಿ” ಎನ್ನುವುದೊಂದೇ ಮಾತು. ಎಕೋ ಹೆಚ್ಚಾದಷ್ಟೂ ಭಕ್ತಿ ಹೆಚ್ಚು ಎಂದು ಅವರ ತಿಳಿವಳಿಕೆ. ಹಗರಿಬೊಮ್ಮನಹಳ್ಳಿಯ ಒಬ್ಬ ಕಬ್ಬಿಣದ ಅಂಗಡಿಯವರು ಮನೆದೇವರ ಮೇಲೆ ಹಾಡಿ, ಗುಂಡಿಯನ್ನು ಕೊನೆಯವರೆಗೂ ತಿರುಗಿಸಿಯೇ ಬಿಟ್ಟರು. ಕ್ಯಾಸೆಟ್ಟನ್ನು ಮನೆಯಲ್ಲಿ ಹಾಕಿದಾಗ ಅವರ ಹೆಂಡತಿ ಅಡುಗೆಮನೆಯಿಂದ ಓಡಿ ಬಂದು, “ಬಾವ್ಯಾಗ ಬಿದ್ದು ಹಾಡೀರೇನ್ರಿ?” ಎಂದಳಂತೆ. ಅವರು ನನ್ನ ಹತ್ತಿರ ಜಗಳಕ್ಕೆ ಬಂದರು. ನಾನೇನು ಮಾಡಲಿ? ಗುಂಡಿ ತಿರುಗಿಸಿದ ಕೈ ಅವರದೇ.

ಎರಡು ಸಾವಿರದ ಈಚೆಗೆ ಕಂಪ್ಯೂಟರು ಬಂತು. ಕತ್ತರಿಸು, ಅಂಟಿಸು. ಒಂದು ಪಲ್ಲವಿ ಹಾಡಿದರೆ ಸಾಕು, ಉಳಿದ ಮೂರು ಸಲ ಅದೇ ಬರುತ್ತದೆ. ಈಗಂತೂ ತಪ್ಪಿದ ಸ್ವರವನ್ನು ಅದೇ ಎಳೆದು ಜಾಗದಲ್ಲಿ ಕೂರಿಸುತ್ತದಂತೆ. ಒಳ್ಳೆಯದೇ. ನಮ್ಮ ಕ್ಯಾಸೆಟ್ಟಿನ ಕಾಲದಲ್ಲಿ ಆ ಸೌಕರ್ಯ ಇರಲಿಲ್ಲ. ಎಲ್ಲರೂ ಒಟ್ಟಿಗೆ ನಿಂತು ಮೊದಲಿಂದ ಕೊನೆಯವರೆಗೆ ಹಾಡಬೇಕು, ಯಾರೊಬ್ಬರು ಕೆಮ್ಮಿದರೂ ಮತ್ತೆ ಮೊದಲಿಂದ. ನಾನು ಹೇಳಹೊರಟಿರುವುದು ಅಂಥ ಒಂದು ದಿನದ ಸಂಗತಿ.

ಹೊಸಹಳ್ಳಿಯಲ್ಲಿ ಗೊಬ್ಬರದ ಅಂಗಡಿಯ ಗುರುಶಾಂತಪ್ಪನವರು ಆ ವರ್ಷದ ಹೀರೋ. ನಾಟಕದ ಹಾಡುಗಳನ್ನು ಮೊದಲೇ ಕ್ಯಾಸೆಟ್ ಮಾಡಿಸಿ ಅಂಗಡಿಯಲ್ಲಿ ಹಾಕಬೇಕೆಂದು ಅವರ ಆಸೆ. ಹೀರೋಯಿನ್ ಅದೇ ರೇಣುಕಮ್ಮ. ಆ ಹೊತ್ತಿಗೆ ಆಕೆಯ ದನಿ ಕೆಟ್ಟಿತ್ತು. ಮಾತಾಡಿದರೆ ಗೊರಗೊರ. ಮೇಲಿನ ಸ್ವರಕ್ಕೆ ಹೋದರೆ ದನಿ ಒಡೆದು ಗಾಳಿಯಷ್ಟೇ ಬರುತ್ತಿತ್ತು. ಹರಪನಹಳ್ಳಿಯ ಡಾಕ್ಟರು ಗಂಟಲಿಗೆ ಲೈಟು ಬಿಟ್ಟು ನೋಡಿ, ಹೀಗೆ ಚೀರುತ್ತಿದ್ದರೆ ದನಿ ಪೂರ್ತಿ ಹೋಗುತ್ತದೆ ಎಂದಿದ್ದರಂತೆ. ನಮ್ಮ ನಾಟಕಗಳಲ್ಲಿ ಹಾಡು ಹೋದ ಹೀರೋಯಿನ್‌ಗೆ ಮೊದಲು ಅತ್ತಿಗೆ ಪಾತ್ರ, ಆಮೇಲೆ ತಾಯಿ ಪಾತ್ರ, ಆಮೇಲೆ ಮನೆ. ಹಡಗಲಿಯ ಆಕೆಯ ಮನೆ ನಡೆಯುತ್ತಿದ್ದುದೇ ಆ ದನಿಯ ಮೇಲೆ.

ದನಿ ಯಾಕೆ ಕೆಟ್ಟಿತೆಂದು ನನಗೆ ಗೊತ್ತಿತ್ತು. ಶ್ರುತಿ ಎಂದರೆ ಹಾಡು ಯಾವ ಎತ್ತರದಿಂದ ಹೊರಡಬೇಕು ಎಂಬ ಲೆಕ್ಕ. ಹಾರ್ಮೋನಿಯಂನಲ್ಲಿ ಬೆರಳಿಟ್ಟು ಒತ್ತುವ ಕಪ್ಪು, ಬಿಳಿ ಮನೆಗಳ ಹೆಸರಿನಿಂದ ಅದನ್ನು ಕರಿ ಒಂದು, ಕರಿ ಎರಡು, ಬಿಳಿ ನಾಲ್ಕು ಎಂದು ಹೇಳುತ್ತೇವೆ. ಗಂಡಸಿಗೆ ಹಿತವಾದದ್ದು ಹೆಂಗಸಿಗೆ ಆಗುವುದಿಲ್ಲ. ಬಸಣ್ಣ ಮಾಸ್ತರದು ಒಂದೇ ಕಾನೂನು: “ಹೀರೋ ಅನಿಸಿಕೊಂಡಾವ ಕರಿ ಎರಡಕ್ಕಿಂತ ಕೆಳಗ ಇಳೀಬಾರದು.” ಹೀರೋ ಇಳಿಯದಿದ್ದರೆ ಹೀರೋಯಿನ್ ಹತ್ತಬೇಕು. ಮೇಲಿನ ಸ್ವರ ಬಂದಾಗಲೆಲ್ಲ ರೇಣುಕಮ್ಮ ತುದಿಗಾಲಿನ ಮೇಲೆ ನಿಂತು, ಕತ್ತು ಚಾಚಿ ಹಾಡುತ್ತಿದ್ದಳು. ಅಟ್ಟದ ಮೇಲಿನ ಡಬ್ಬಿಗೆ ಕೈ ಹಾಕುವವರ ಹಾಗೆ. ಮಾಸ್ತರು ಅದನ್ನು ಅಭಿನಯ ಎಂದು ಹೊಗಳುತ್ತಿದ್ದರು.

ಆ ದಿನ ಬೆಳಿಗ್ಗೆಯೇ ಎಲ್ಲರೂ ಬಂದರು. ಗುರುಶಾಂತಪ್ಪನವರು ರೇಷ್ಮೆ ಅಂಗಿ ಹಾಕಿ, ಮುಖಕ್ಕೆ ಪೌಡರು ಬಡಿದುಕೊಂಡು ಬಂದಿದ್ದರು. ಕ್ಯಾಸೆಟ್ಟಿನಲ್ಲಿ ಮುಖ ಕಾಣುವುದಿಲ್ಲವೆಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಯುಗಳಗೀತೆ. ಒಂದು ಮೈಕು ಅವರಿಗೆ, ಒಂದು ರೇಣುಕಮ್ಮನಿಗೆ. ಮಾಸ್ತರು ಮೂಲೆಯಲ್ಲಿ ಶೇಂಗಾ ಚೀಲದ ಮೇಲೆ ಬೆತ್ತ ಹಿಡಿದು ಕೂತರು.

ಹಾಡಿಸಿ ನೋಡಿದಾಗ ಆಕೆಯ ದನಿ ಎರಡು ಕಡೆ ಒಡೆಯಿತು. ಗುರುಶಾಂತಪ್ಪನವರು ಲೊಚಗುಟ್ಟಿದರು. ಮಾಸ್ತರು, “ಇನ್ನೊಮ್ಮಿ ಹಿಂಗಾತಂದ್ರ ದಾವಣಗೆರಿಯಿಂದ ಬ್ಯಾರೆಯಾಕಿನ್ನ ಕರಸ್ತೀನಿ ನೋಡವ್ವ” ಎಂದರು. ರೇಣುಕಮ್ಮ ಚೊಂಬಿನ ನೀರು ಕುಡಿದು ಮತ್ತೆ ಮೈಕಿನ ಮುಂದೆ ಬಂದು ನಿಂತಳು.

ಕೀಬೋರ್ಡಿನಲ್ಲಿ ಶ್ರುತಿ ಬದಲಿಸುವ ಒಂದು ಬಟನ್ ಇರುತ್ತದೆ. ನನ್ನ ಬೆರಳು ಅದೇ ಮನೆಗಳ ಮೇಲೆ ಆಡುತ್ತಿದ್ದರೂ, ಅದನ್ನು ಒಂದು ಸಲ ಒತ್ತಿದರೆ ಇಡೀ ವಾದ್ಯ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ನಾನು ಲೆಕ್ಕ ಹಾಕಿದೆ. ಹೀರೋ ಚರಣ ಮುಗಿದು ಹೀರೋಯಿನ್ ಚರಣ ಶುರುವಾಗುವ ನಡುವೆ ಕೊಳಲಿನ ತುಂಡೊಂದು ಇದೆ. ಆ ಸಂದಿನಲ್ಲಿ ಇಳಿಸಿದರಾಯಿತು, ಆಕೆಯದು ಮುಗಿದ ಮೇಲೆ ಮತ್ತೆ ಏರಿಸಿದರಾಯಿತು.

ಟೇಪು ತಿರುಗಿತು. ಗುರುಶಾಂತಪ್ಪನವರು ಕರಿ ಎರಡರಲ್ಲಿ ಕೂಗಿ ಮುಗಿಸಿದರು. ಕೊಳಲು ನುಡಿಸುತ್ತ ಎಡಗೈಯಲ್ಲಿ ಮೂರು ಸಲ ಒತ್ತಿದೆ. ರೇಣುಕಮ್ಮ ಬಾಯಿ ತೆರೆದಳು, ಒಂದು ಕ್ಷಣ ಬೆಚ್ಚಿ ನನ್ನ ಕಡೆ ನೋಡಿದಳು, ಆದರೆ ಹಾಡಿದಳು. ದನಿ ಎಲ್ಲೂ ಒಡೆಯಲಿಲ್ಲ. ಮಾಸ್ತರು ಮೆಚ್ಚಿ ತಲೆದೂಗಿದರು. ಮತ್ತೆ ಕೊಳಲು, ಮತ್ತೆ ಮೂರು ಮೆಟ್ಟಿಲು ಮೇಲೆ, ಮತ್ತೆ ಹೀರೋ. ಯಾರಿಗೂ ಗೊತ್ತಾಗಲಿಲ್ಲ. ನನ್ನ ಜಾಣತನಕ್ಕೆ ನಾನೇ ಮರುಳಾದೆ.

ಕೊನೆಯ ಚರಣ ಒಂದಿದೆ ಎನ್ನುವುದನ್ನು ಮರೆತಿದ್ದೆ. ಅದರಲ್ಲಿ ಒಂದು ಸಾಲು ಅವನು, ಒಂದು ಸಾಲು ಅವಳು. ನಡುವೆ ಕೊಳಲಿಲ್ಲ, ಉಸಿರಿಗೂ ಜಾಗ ಇಲ್ಲ. ಆಕೆಯ ಸಾಲಿಗೆ ಇಳಿಸಿದೆ, ಸರಿಹೋಯಿತು. ಅವರ ಸಾಲಿಗೆ ಏರಿಸಬೇಕಾದವನು ಗಡಿಬಿಡಿಯಲ್ಲಿ ಮತ್ತೂ ಇಳಿಸಿದೆ. ಗುರುಶಾಂತಪ್ಪನವರು ವಾದ್ಯವನ್ನು ಬಹಳ ನಂಬಿದವರು. ಅದು ಎಲ್ಲಿಗೆ ಹೋಯಿತೋ ಅಲ್ಲಿಗೆ ತಾವೂ ಇಳಿದರು. ಇಳಿದು, ಇಳಿದು, ಡೀಸೆಲ್ ಪಂಪು ಬಂದ್ ಆಗುವಾಗ ಕೊನೆಗೆ ಗಕ್ ಗಕ್ ಅನ್ನುತ್ತದಲ್ಲ, ಅಲ್ಲಿಗೆ ಹೋಗಿ ನಿಂತರು. ಪ್ರೇಮದ ಸಾಲು ಅದು.

ಮಾಸ್ತರು ಚೀಲದ ಮೇಲಿಂದ ಎದ್ದರು. “ಲೇ ಕೊಟ್ರೇಶಿ, ಶ್ರುತಿ ಮುಟ್ಟಿದ್ಯಾ?”

“ಮುಟ್ಟೀನ್ರಿ.”

“ಯಾರನ್ನ ಕೇಳಿ ಮುಟ್ಟಿದಿ?”

“ಯಾರನ್ನೂ ಕೇಳಿಲ್ರಿ ಮಾಸ್ತರ. ಆಕಿ ಗಂಟಲು ಹರಿಯಾಕತ್ತಿತ್ತು, ಅದಕ್ಕ ಮುಟ್ಟೀನಿ.”

ಗುರುಶಾಂತಪ್ಪನವರಿಗೆ ಕೋಪದಿಂದ ಪೌಡರಿನ ಕೆಳಗೂ ಮುಖ ಕೆಂಪಾಗಿತ್ತು. “ಹೆಣ್ಮಗಳ ಸಲುವಾಗಿ ಹೀರೋನ್ನ ಕೆಳಗ ಇಳಿಸ್ತಾನಂದ್ರ! ಊರಾಗ ನಾ ತಲಿ ಎತ್ತಿ ತಿರುಗೋದು ಬ್ಯಾಡೇನ್ರಿ ಮಾಸ್ತರ?”

“ಚಾ ಕುಡುದು ಬರ್ತೀವಿ. ಅಷ್ಟರಾಗ ಕರಿ ಎರಡಕ್ಕ ಇಟ್ಟಿರು. ಈಕಿ ಹಾಡಿದ್ರ ಹಾಡ್ತಾಳ, ಇಲ್ಲಂದ್ರ ಮಧ್ಯಾಹ್ನದ ಬಸ್ಸಿಗೆ ಹಡಗಲಿಗೆ ಹೋಗ್ತಾಳ” ಎಂದು ಹೇಳಿ ಮಾಸ್ತರು ಅವರನ್ನು ಕರೆದುಕೊಂಡು ಹೊರಗೆ ಹೋದರು.

ನಾನೂ ರೇಣುಕಮ್ಮನೂ ಉಳಿದೆವು. ಆಕೆ ಚೀಲ ಎತ್ತಿಕೊಂಡು ಚಪ್ಪಲಿ ಹುಡುಕತೊಡಗಿದಳು. ನಾನು ಕೇಳಿದೆ, “ಹೋಗೋದಾದ್ರ ಹೋಗ್ರಿ. ಆದ್ರ ಒಂದು ಹೇಳ್ರಿ, ನಿಮ್ಮ ಶ್ರುತಿ ಯಾವ್ದು?”

“ನನ್ ಶ್ರುತಿ ಅಂದ್ರ?”

“ನಿಮಗ ಹಿತ ಆಗೋದು. ನೀವು ಹಾಡೋದು.”

ಆಕೆ ನಿಜವಾಗಿಯೂ ಯೋಚನೆ ಮಾಡಿದಳು. “ಕೂಡ್ಲಿಗ್ಯಾಗ ಕರಿ ಎರಡು ಹಾಡೀನಿ. ನಮ್ಮೂರ ಕಡೆ ಬಿಳಿ ಮೂರು. ಹರಪನಹಳ್ಳ್ಯಾಗ ಒಬ್ಬಾವ ಬಿಳಿ ನಾಲ್ಕು ಹಿಡದಿದ್ದ, ಅದನ್ನೂ ಹಾಡೀನಿ. ಹೀರೋಂದು ಏನಿರತೈತಿ ಅದಾ ನಂದು. ನಂದು ಯಾವ್ದಂತ ನಂಗ ಗೊತ್ತಿಲ್ಲ ಕೊಟ್ರೇಶಣ್ಣ. ಯಾರಾದ್ರೂ ಕೇಳಿದ್ರ ಗೊತ್ತಿರತಿತ್ತು.”

ಹುಡುಗಿಯಾಗಿದ್ದಾಗಿನಿಂದ ಈ ಐದು ತಾಲೂಕಿನ ಸ್ಟೇಜುಗಳ ಮೇಲೆ ಹಾಡಿದವಳು. ಆಕೆಯ ಸೀರೆಯ ಬಣ್ಣ ಯಾವುದಿರಬೇಕೆಂದು ಕಮಿಟಿ ಕೂಡಿಸಿದವರಿದ್ದರು. ಶ್ರುತಿ ಕೇಳಿದವರಿರಲಿಲ್ಲ. ನನಗೆ ಎಂಥ ಸಿಟ್ಟು ಬಂತೆಂದರೆ, ಎಕೋ ಮಷಿನ್ನಿನ ವೈರು ಕಿತ್ತು ಮೂಲೆಗೆ ಎಸೆದೆ. “ಚಪ್ಪಲಿ ಬಿಡ್ರಿ, ಹುಡುಕೋಣ ಬರ್ರಿ” ಎಂದೆ.

ಪಲ್ಲವಿಯನ್ನಷ್ಟೇ ಹಾಡಿಸುತ್ತ ಒಂದೊಂದೇ ಮೆಟ್ಟಿಲು ಇಳಿಸಿದೆ. ಕರಿ ಎರಡರಲ್ಲಿ ಮೇಲಿನ ಸ್ವರ ಬಂದಾಗ ತುದಿಗಾಲು. ಒಂದು ಇಳಿಸಿದೆ, ತುದಿಗಾಲು. ಇನ್ನೊಂದು ಇಳಿಸಿದೆ. “ಪರವಾಗಿಲ್ರಿ” ಎಂದಳು. ಆದರೆ ಹಿಮ್ಮಡಿ ಇನ್ನೂ ಮೇಲಿತ್ತು. ಆಕೆಯ ಮಾತು ನಂಬುವುದನ್ನು ಬಿಟ್ಟು ನಾನು ಹಿಮ್ಮಡಿ ನೋಡತೊಡಗಿದೆ. ಮತ್ತೊಂದು, ಮಗದೊಂದು. ಕರಿ ಒಂದಕ್ಕೂ ಕೆಳಗೆ, ಹಿಂದಿನ ಸಾಲಿನ ಕರಿ ಐದಕ್ಕೆ ಬಂದಾಗ ಮೇಲಿನ ಸ್ವರ ಬಂತು, ಹೋಯಿತು. ಎರಡೂ ಹಿಮ್ಮಡಿ ಕೌದಿಯ ಮೇಲೆ ಊರಿಕೊಂಡೇ ಇದ್ದವು. ಆಕೆಗೆ ಗೊತ್ತೇ ಆಗಲಿಲ್ಲ. ಪಲ್ಲವಿ ಮುಗಿದರೂ ನಿಲ್ಲಿಸಲಿಲ್ಲ. ಕಣ್ಣು ಮುಚ್ಚಿ ಚರಣಕ್ಕೆ ಹೋದಳು, ಹೀರೋನ ಚರಣವನ್ನೂ ತಾನೇ ಹಾಡಿದಳು. ಆ ಗೊರಗೊರ ಎಲ್ಲಿ ಹೋಯಿತೋ! ಅಂಥ ತುಂಬಿದ ದನಿ ಆಕೆಯೊಳಗಿತ್ತೆಂದು ಜೊತೆಗೆ ನುಡಿಸಿದ ನನಗೂ ಗೊತ್ತಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಅದನ್ನು ಬರೆಯಲು ನಾಚಿಕೆಯೇನಿಲ್ಲ.

ಹಾಡು ಮುಗಿದಾಗ ಬಾಗಿಲಲ್ಲಿ ಮಾಸ್ತರೂ ಹೀರೋನೂ ನಿಂತಿದ್ದರು. ಯಾವಾಗ ಬಂದರೋ ಗೊತ್ತಿಲ್ಲ. ಮಾಸ್ತರು ಬೆತ್ತವನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದರು. ಮಾತಾಡಿದ್ದು ರೇಣುಕಮ್ಮನೇ.

“ಮಾಸ್ತರ, ನನ್ ಶ್ರುತಿ ಕರಿ ಐದು. ಇವತ್ತು ಗೊತ್ತಾತು. ಇನ್ನ ಮ್ಯಾಲೆ ನನ್ನ ಕರಿಯೋರು ಇದನ್ನ ತಿಳಕೊಂಡು ಕರೀರಿ.”

“ಮತ್ತ ಹೀರೋಗ ಆಗಲಿಲ್ಲಂದ್ರ?” ಎಂದರು ಮಾಸ್ತರು, ದನಿ ಸ್ವಲ್ಪ ಇಳಿಸಿ.

“ಹೀರೋನ್ನ ಬದಲಿ ಮಾಡ್ರಿ.”

ಗುರುಶಾಂತಪ್ಪನವರು ತಮ್ಮ ರೇಷ್ಮೆ ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡರು. ಹೀರೋ ಬದಲಿಸುವುದು ಸಾಧ್ಯವಿರಲಿಲ್ಲ, ಶಾಮಿಯಾನ ಅವರದು. ಹೀರೋಯಿನ್ ಬದಲಿಸೋಣವೆಂದರೆ, ಆಗತಾನೆ ಕೇಳಿದ್ದ ದನಿ ಅವರ ಕಿವಿಯಲ್ಲೂ ಉಳಿದಿತ್ತು. ಕೊನೆಗೆ ಮಾಸ್ತರು ರಾಜಿ ಸೂತ್ರ ತೆಗೆದರು. ಹಾಡು ಪೂರ್ತಿ ಆಕೆ ಹಾಡುವುದು, ಹೀರೋ ತನ್ನ ಸಾಲುಗಳನ್ನು ಗಂಭೀರವಾಗಿ ಮಾತಿನಲ್ಲಿ ಹೇಳುವುದು. ಹೊಸಹಳ್ಳಿಯ ಸ್ಟೇಜಿನಲ್ಲಿ ಹಾಗೇ ಆಯಿತು. ಜನ ಒನ್ಸ್‌ಮೋರ್ ಎಂದು ಕೂಗಿದರು. ಗುರುಶಾಂತಪ್ಪನವರು ಮುಂದೆ ಬಂದು ಕೈ ಮುಗಿದು ತಮ್ಮ ಸಾಲುಗಳನ್ನು ಮತ್ತೊಮ್ಮೆ ಹೇಳಿದರು. ಒನ್ಸ್‌ಮೋರ್ ತಮಗೇ ಎಂದು ಇಂದಿಗೂ ನಂಬಿದ್ದಾರೆ. ರೇಣುಕಮ್ಮ ಈಗಲೂ ಹಡಗಲಿಯಲ್ಲಿ ಹಾಡುತ್ತಾಳೆ, ಮಕ್ಕಳಿಗೆ ಹೇಳಿಕೊಡುತ್ತಾಳೆ. ದನಿ ಹೋಗಲಿಲ್ಲ.

ಇನ್ನು ಆ ಲ್ಯಾಪ್‌ಟಾಪ್ ಹುಡುಗರ ಹಾಡು. ಸದ್ದು ಚೆನ್ನಾಗಿತ್ತು, ನಮ್ಮ ಕಾಲದಲ್ಲಿ ಕನಸಿನಲ್ಲೂ ಕೇಳದಂಥ ಸದ್ದು. ನಡುವೆ ಒಂದು ಹುಡುಗಿ ಹಾಡಿದ್ದಳು. ದನಿ ತೆಳ್ಳಗೆ, ತಂತಿ ಎಳೆದ ಹಾಗೆ. ಈ ಹುಡುಗಿಯ ಶ್ರುತಿ ಯಾವುದು ಎಂದು ಕೇಳಿದೆ. ಅವರಲ್ಲೊಬ್ಬ ಲ್ಯಾಪ್‌ಟಾಪಿನ ಕಡೆ ಕೈ ತೋರಿಸಿದ.

“ಟ್ರ್ಯಾಕು ಮೊದ್ಲಾ ರೆಡಿ ಆಗಿತ್ರಿ ಸರ್. ಆಕಿ ಆಮ್ಯಾಲೆ ಬಂದು ಹಾಡಿದ್ಲು. ಸ್ವಲ್ಪ ಹೆಚ್ಚು ಕಡಿಮಿ ಆಗಿದ್ದನ್ನ ಸಾಫ್ಟ್‌ವೇರಿನಾಗ ಸರಿ ಮಾಡೀವಿ.”

ಬಸಣ್ಣ ಮಾಸ್ತರು ಸತ್ತಿಲ್ಲ, ಹೆಡ್‌ಫೋನು ಹಾಕಿಕೊಂಡು ನನ್ನ ಮುಂದೆ ಕೂತಿದ್ದಾರೆ ಅನ್ನಿಸಿತು. “ಆ ಹುಡುಗಿ ಇನ್ನೊಮ್ಮಿ ಹಾಡುವಾಗ ಮುಖ ನೋಡಬ್ಯಾಡ್ರಿ, ಹಿಮ್ಮಡಿ ನೋಡ್ರಿ” ಎಂದಷ್ಟೇ ಹೇಳಿ ಕಳಿಸಿದೆ. ಮುದುಕನಿಗೆ ತಲೆ ಕೆಟ್ಟಿದೆ ಎಂದುಕೊಂಡು ಹೋದಹಾಗಿತ್ತು.

ನಿನ್ನೆ ಅವರಲ್ಲೊಬ್ಬ ಫೋನು ಮಾಡಿದ್ದ. “ಸರ್, ನೋಡಿದ್ನಿರಿ. ಹಿಮ್ಮಡಿ ಮ್ಯಾಲದಾವ” ಎಂದ.

“ಹಂಗಾದ್ರ ಇಳಸ್ರಿ” ಎಂದೆ.